ಮರಳಿನ ರಾಜಧಾನಿ: ತಲಕಾಡಿನ ಶಾಪಕಥೆಯ ಒಂದು ವಿಮರ್ಶೆ

ಕನ್ನಡ ನಾಡಿನಲ್ಲಿ ಮರುಭೂಮಿಯೆಂಬುದು ಇಲ್ಲ. ಆದರೂ ಮರಳಿನಲ್ಲಿ ಹುದುಗಿದ ಒಂದು ರಾಜಧಾನಿಯ ಚಿತ್ರವು ನಮ್ಮ ಜನಮಾನಸದಲ್ಲಿ ಬಹುಕಾಲದಿಂದ ಬೇರೂರಿದೆ. ತಲಕಾಡಿನ ಹೆಸರನ್ನೆತ್ತಿದೊಡನೆ ಗಂಗರಸರ ಶಾಸನಗಳಾಗಲಿ ಹೊಯ್ಸಳರ ಕೀರ್ತಿನಾರಾಯಣ ದೇವಾಲಯವಾಗಲಿ ನೆನಪಿಗೆ ಬರುವುದಕ್ಕೆ ಮೊದಲು ಅಲಮೇಲಮ್ಮನ ಶಾಪವು ನೆನಪಿಗೆ ಬರುತ್ತದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಕಾಲೇಜು ತರಗತಿಗಳಲ್ಲಿ ಗಂಗರ ಪಾಠ ಬಂದಾಗಲೂ ವಿದ್ಯಾರ್ಥಿಗಳು ಮೊದಲು ಕೇಳುವುದು ಶಾಪವು ನಿಜವೇ ಎಂಬ ಪ್ರಶ್ನೆಯನ್ನೇ. ಹೌದೆಂದೋ ಅಲ್ಲವೆಂದೋ ಹೇಳಿ ಮುಗಿಸುವುದು ಸುಲಭ. ಆದರೆ ಆ ಕಥೆಯನ್ನು ಒಂದು ಕೃತಿಯೆಂದು ಭಾವಿಸಿ, ಅದು ಏನನ್ನು ಹೇಳುತ್ತದೆ, ಏನನ್ನು ಹೇಳದೆ ಬಿಡುತ್ತದೆ ಎಂಬುದನ್ನು ಪರಿಶೀಲಿಸುವುದು ಹೆಚ್ಚು ಪ್ರಯೋಜನಕಾರಿ. ಪ್ರಸ್ತುತ ಲೇಖನದ ಉದ್ದೇಶವು ಇಷ್ಟೇ.

ಕಥೆಯು ಎಲ್ಲರಿಗೂ ತಿಳಿದದ್ದೇ. ಶ್ರೀರಂಗಪಟ್ಟಣದಲ್ಲಿದ್ದ ವಿಜಯನಗರದ ಪ್ರತಿನಿಧಿಯು ವ್ಯಾಧಿಪೀಡಿತನಾಗಿ ತಲಕಾಡಿನ ವೈದ್ಯನಾಥೇಶ್ವರನ ಸನ್ನಿಧಿಗೆ ಹೋದನು. 1610ರಲ್ಲಿ ಶ್ರೀರಂಗಪಟ್ಟಣವು ಮೈಸೂರಿನ ರಾಜ ಒಡೆಯರ ವಶವಾಯಿತು. ಒಡೆಯರ ಕಡೆಯವರು ರಾಣಿಯ ಒಡವೆಗಳಿಗಾಗಿ ಬೆನ್ನಟ್ಟಿದಾಗ ಆಕೆಯು ಮೂರು ಶಾಪಗಳನ್ನಿತ್ತು ಕಾವೇರಿಯಲ್ಲಿ ಮುಳುಗಿದಳು. ತಲಕಾಡು ಮರಳಾಗಬೇಕು, ಮಾಲಂಗಿಯು ಮಡುವಾಗಬೇಕು, ಮೈಸೂರು ದೊರೆಗಳಿಗೆ ಮಕ್ಕಳಾಗಬಾರದು ಎಂಬುವೇ ಆ ಮೂರು ಶಾಪಗಳು.

ಇದರಲ್ಲಿ ಮೊದಲು ಗಮನಿಸಬೇಕಾದುದು ಪಾಠಾಂತರ. ಬಿ. ಎಲ್. ರೈಸ್ ಅವರು 1897ರ ಮೈಸೂರು ಗ್ಯಾಸೆಟಿಯರಿನಲ್ಲಿ ದಾಖಲಿಸಿದ ಕಥೆಯಲ್ಲಿ ರಾಣಿಯ ಹೆಸರು ರಂಗಮ್ಮ. ಇಂದು ನಾವು ಕೇಳುವ ಕಥೆಯಲ್ಲಿ ಅಲಮೇಲಮ್ಮ. ಹೆಸರು ಬದಲಾದರೂ ಶಾಪವು ಬದಲಾಗದೆ ಉಳಿದಿದೆ. ಎಂದರೆ ಜನರು ಜೋಪಾನ ಮಾಡಿದ್ದು ವ್ಯಕ್ತಿಯ ಚರಿತ್ರೆಯನ್ನಲ್ಲ, ಆಕೆಯ ಮಾತನ್ನು. ಮೂರನೆಯ ಶಾಪವನ್ನು ಸಮರ್ಥಿಸುವವರು ದತ್ತು ಸ್ವೀಕಾರಗಳನ್ನು ಮಾತ್ರ ಎಣಿಸುತ್ತಾರೆ. ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡದ್ದು ಈ ಲೆಕ್ಕಕ್ಕೆ ಸೇರುತ್ತದೆ. ಅದೇ ಚಾಮರಾಜೇಂದ್ರರಿಗೆ 1884ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಜನಿಸಿದ್ದು ಸೇರುವುದಿಲ್ಲ. ಒಪ್ಪುವ ಸಂಗತಿಗಳನ್ನು ಆಯ್ದು, ಒಪ್ಪದವುಗಳನ್ನು ಕೈಬಿಡುವ ಈ ಕ್ರಮವು ಐತಿಹ್ಯಕ್ಕೆ ಸಹಜವಾದರೂ ಇತಿಹಾಸಕ್ಕೆ ಸಲ್ಲದು.

ಎರಡನೆಯದು ಕಥೆಯ ರಚನೆ. ತಲಕಾಡಿನ ಹುಟ್ಟಿಗೂ ಒಂದು ಐತಿಹ್ಯವುಂಟು. ತಲ, ಕಾಡ ಎಂಬ ಇಬ್ಬರು ಬೇಡರು ಆನೆಗಳು ಪೂಜಿಸುತ್ತಿದ್ದ ಮರವೊಂದನ್ನು ಕಡಿದರೆಂದೂ ಅವರಿಂದಲೇ ಊರಿಗೆ ಹೆಸರು ಬಂದಿತೆಂದೂ ಅದು ಹೇಳುತ್ತದೆ. ಹೀಗೆ ಹುಟ್ಟಿಗೊಂದು ಕಥೆ, ಅಳಿವಿಗೊಂದು ಕಥೆ. ನಡುವಣ ಸಾವಿರ ವರ್ಷಗಳ ಬಾಳಿಗೆ ಮಾತ್ರ ಕಥೆಯಿಲ್ಲ. ಕೋಲಾರದಿಂದ ಬಂದ ಗಂಗರು ಇಲ್ಲಿ ನೆಲೆಸಿದರು. 1004ರ ಸುಮಾರಿಗೆ ಚೋಳರು ಇದನ್ನು ಗೆದ್ದು ರಾಜರಾಜಪುರವೆಂದು ಕರೆದರು. 1116ರ ಸುಮಾರಿಗೆ ವಿಷ್ಣುವರ್ಧನನು ಇದನ್ನು ಚೋಳರಿಂದ ಕಿತ್ತುಕೊಂಡು ತಲಕಾಡುಗೊಂಡನೆನಿಸಿದನು. ಮೂರು ಮನೆತನಗಳು ಕಾದಾಡಿದ ಊರಿನಲ್ಲಿ ಜನರು ಏನನ್ನು ಬೆಳೆದರು, ಯಾವ ನೀರನ್ನು ಬಳಸಿದರು ಎಂಬ ವಿಷಯದಲ್ಲಿ ಶಾಪಕಥೆಯು ಮೌನವಾಗಿದೆ.

ಈ ಮೌನವನ್ನು ತುಂಬುವ ಆಧಾರಗಳು ಇಲ್ಲದಿಲ್ಲ. ರೈಸ್ ಅವರ ಅದೇ ಗ್ಯಾಸೆಟಿಯರಿನಲ್ಲಿ ಮರಳಿನ ದಿಬ್ಬಗಳು ವರ್ಷಕ್ಕೆ 9–10 ಅಡಿಗಳಷ್ಟು ಊರಿನತ್ತ ಸರಿಯುತ್ತಿದ್ದುವೆಂದೂ, ನೈಋತ್ಯ ಮಾರುತದ ಕಾಲದಲ್ಲಿ ಇದು ಹೆಚ್ಚೆಂದೂ, ನಿವಾಸಿಗಳು ಮನೆಗಳನ್ನು ಬಿಟ್ಟು ಹಿಂದೆ ಹಿಂದಕ್ಕೆ ಸರಿಯಬೇಕಾಗಿತ್ತೆಂದೂ ಹೇಳಿದೆ. ಅದರ ಜೊತೆಗೆ ಇನ್ನೊಂದು ಮಾತೂ ಅಲ್ಲಿದೆ: ಇಷ್ಟಾದರೂ ಊರಿನ ಜನಸಂಖ್ಯೆಯು ಹೆಚ್ಚುತ್ತಿತ್ತು, ಕಾರಣ, ಮಾಧವಮಂತ್ರಿ ಅಣೆಕಟ್ಟಿನ ನಾಲೆಯಿಂದ ನೀರು ಪಡೆಯುತ್ತಿದ್ದ ಸಮೃದ್ಧವಾದ ಗದ್ದೆಬಯಲು. ಶಾಪಗ್ರಸ್ತವೆಂದು ನಾವು ಭಾವಿಸಿರುವ ನಗರದಲ್ಲಿ ಒಂದು ಕಡೆ ಗೋಡೆಗಳನ್ನು ಮರಳು ಮುಚ್ಚುತ್ತಿದ್ದಾಗ ಇನ್ನೊಂದು ಕಡೆ ಭತ್ತದ ನಾಟಿ ನಡೆಯುತ್ತಿತ್ತು.

ಮರುಭೂಮಿಯೆಂಬ ಮಾತು ತಲಕಾಡಿಗೆ ಏಕೆ ಹೊಂದುವುದಿಲ್ಲವೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಮರುಭೂಮಿಗೆ ಮಳೆಯ ಅಭಾವವು ಕಾರಣ. ತಲಕಾಡಿನ ಮರಳನ್ನು ತಂದುದು ನದಿಯೇ. ಕಾವೇರಿಯು ಇಲ್ಲಿ ದೊಡ್ಡದಾಗಿ ಬಾಗುತ್ತದೆ. ನೀರು ಇಳಿದಾಗ ಪಾತ್ರದಲ್ಲಿ ತೆರೆದು ಬೀಳುವ ಮರಳನ್ನು ಗಾಳಿಯು ದಡಕ್ಕೆ ಏರಿಸುತ್ತದೆ. ವಿಜಯನಗರದ ಕಾಲದ ಆ ಅಣೆಕಟ್ಟೇ ನೀರನ್ನು ತಡೆದು ಕೆಳಗಣ ಪಾತ್ರವನ್ನು ಬರಿದು ಮಾಡಿ ಮರಳಿನ ಚಲನೆಗೆ ಎಡೆಮಾಡಿತೆಂದು ಕೆಲವರು ಸಂಶೋಧಕರು ವಾದಿಸಿದ್ದಾರೆ. ಈ ವಾದವನ್ನು ಒಪ್ಪುವುದಾದರೆ ಗದ್ದೆಗೆ ನೀರುಣಿಸಿದ ಕಟ್ಟೆಯೇ ಊರನ್ನು ಮರಳಿಗೆ ಒಪ್ಪಿಸಿದಂತಾಯಿತು. ಒಂದೇ ಕಾರ್ಯದಿಂದ ಹುಟ್ಟಿದ ಲಾಭವನ್ನೂ ನಷ್ಟವನ್ನೂ ಒಂದೇ ಊರಿನ ಜನರು ಅನುಭವಿಸಿದರೆಂಬ ಈ ಚಿತ್ರವು ಶಾಪದ ಚಿತ್ರಕ್ಕಿಂತ ಗಂಭೀರವಾದುದು.

ಮರಳಿನೊಡನೆ ಬಾಳುವ ರೀತಿಯನ್ನೂ ಜನರು ಕಂಡುಕೊಂಡರು. ಊರನ್ನು ಒಳನಾಡಿಗೆ ಸರಿಸಿದರು, ದೇವಾಲಯಗಳನ್ನು ಸ್ಥಳದಲ್ಲಿಯೇ ಬಿಟ್ಟು ಬೇಕಾದಾಗ ಅಗೆದು ತೆರೆದರು. ದಿಬ್ಬಗಳ ಮೇಲೆ ಸರ್ವೆ ಮತ್ತು ನೀಲಗಿರಿ ಮರಗಳು ಬೆಳೆದು ನಿಂತಿವೆ. ಕಾರ್ತಿಕ ಮಾಸದ ಸೋಮವಾರ ವಿಶಿಷ್ಟ ಯೋಗವು ಕೂಡಿದಾಗ ನಡೆಯುವ ಪಂಚಲಿಂಗ ದರ್ಶನವು 2009, 2013 ಮತ್ತು 2020ರಲ್ಲಿ ನೆರವೇರಿತು. 1990ರ ದಶಕದ ಆರಂಭದಲ್ಲಿ ರಾಜ್ಯದ ಪ್ರಾಚ್ಯವಸ್ತು ಇಲಾಖೆಯು ಇಲ್ಲಿ ಉತ್ಖನನವನ್ನೂ ನಡೆಸಿತು. ಮರಳು ಈ ಊರನ್ನು ಕೊಂದಿಲ್ಲ; ಅದರ ದಿನಚರಿಯನ್ನು ಬದಲಿಸಿದೆ.

ಹಾಗಾದರೆ ಶಾಪಕಥೆಯನ್ನು ಬಿಸುಡಬೇಕೇ? ಬೇಡ. ಕಾರಣವನ್ನು ತಿಳಿಸುವ ಕಥೆಯಾಗಿ ಅದು ನಿಲ್ಲದಿದ್ದರೂ ತೀರ್ಪನ್ನು ತಿಳಿಸುವ ಕಥೆಯಾಗಿ ಅದಕ್ಕೆ ಬೆಲೆಯುಂಟು. 1610ರ ಅಧಿಕಾರ ಬದಲಾವಣೆಯನ್ನು ಆಸ್ಥಾನದ ಬರಹಗಳು ವಿಜಯವೆಂದು ವರ್ಣಿಸಿದರೆ, ಜನರು ಅದರೊಳಗೆ ದಿಕ್ಕಿಲ್ಲದ ಹೆಂಗಸೊಬ್ಬಳಿಗಾದ ಅನ್ಯಾಯವನ್ನು ಕಂಡು ನಾಲ್ಕು ಶತಮಾನಗಳ ಕಾಲ ಮರೆಯದೆ ಉಳಿಸಿದ್ದಾರೆ. ದೊರೆಯನ್ನು ನೇರವಾಗಿ ಆಕ್ಷೇಪಿಸಲಾಗದ ಕಾಲದಲ್ಲಿ ಶಾಪವೇ ಪ್ರಜೆಗಳ ಟೀಕೆಯಾಗಿತ್ತು. ಈ ನೀತಿಯನ್ನು ಉಳಿಸಿಕೊಂಡು, ಮರಳಿನ ಕಾರಣವನ್ನು ಬೇರೆಯಾಗಿ ವಿಚಾರಿಸುವುದು ಅಧ್ಯಾಪಕರ ಕರ್ತವ್ಯ.

ಶಾಪವಿಲ್ಲದ ರಾಜಧಾನಿಗಳ ಗತಿಯನ್ನು ನೋಡಿದರೆ ಈ ವಿವೇಚನೆಯ ಅಗತ್ಯವು ಇನ್ನಷ್ಟು ಮನವರಿಕೆಯಾಗುತ್ತದೆ. ಏಳನೆಯ ಶತಮಾನದಲ್ಲಿ ಗಂಗರಸರು ನಮ್ಮ ಚನ್ನಪಟ್ಟಣ ತಾಲ್ಲೂಕಿನ ಮಂಕುಂದದಲ್ಲಿ ನೆಲೆಸಿದ್ದರು. ಮುಂದಿನ ಶತಮಾನದಲ್ಲಿ ಶ್ರೀಪುರುಷನು ನೆಲಮಂಗಲದ ಮಣ್ಣೆಯಲ್ಲಿದ್ದನು. ಚನ್ನಪಟ್ಟಣವು ಜಗದೇವರಾಯನ ವಂಶದವರಿಗೆ ರಾಜಧಾನಿಯಾಗಿದ್ದು 1630ರಲ್ಲಿ ಮೈಸೂರಿಗೆ ಸೇರಿತು. 1638ರಲ್ಲಿ ಬಿಜಾಪುರದವರು ಬೆಂಗಳೂರನ್ನು ಹಿಡಿದ ಮೇಲೆ ಮಾಗಡಿಯು ಕೆಂಪೇಗೌಡರ ವಂಶದವರ ನೆಲೆಯಾಗಿ 1728ರವರೆಗೆ ಉಳಿಯಿತು. ಈ ಊರುಗಳ ಮೇಲೆ ಯಾವ ರಾಣಿಯ ಶಾಪವೂ ಇಲ್ಲ. ಮಂಕುಂದದ ಹೆಸರಂತೂ ಶಾಸನಾಭ್ಯಾಸಿಗಳನ್ನು ಬಿಟ್ಟರೆ ಬೇರೆಯವರ ಬಾಯಲ್ಲಿ ಕೇಳಿಬರುವುದೇ ಅಪರೂಪ. ಶಾಪವು ತಲಕಾಡಿನ ಹೆಸರನ್ನು ಉಳಿಸಿ ಅದರ ಬಾಳನ್ನು ಮರೆಸಿತು. ಮಂಕುಂದಕ್ಕೆ ಹೆಸರೂ ಉಳಿಯಲಿಲ್ಲ.

ನಮ್ಮ ತಾಲ್ಲೂಕುಗಳಿಗೆ ಇದರಲ್ಲಿ ಇನ್ನೊಂದು ಪಾಠವಿದೆ. ಚನ್ನಪಟ್ಟಣದ ಕಣ್ವ ನದಿಯು ಶಿಂಷೆಯ ಮೂಲಕವೂ, ಮಾಗಡಿ ರಾಮನಗರಗಳನ್ನು ಹಾದುಬರುವ ಅರ್ಕಾವತಿಯು ಕನಕಪುರ ತಾಲ್ಲೂಕಿನ ಸಂಗಮದಲ್ಲಿಯೂ, ತಲಕಾಡನ್ನು ದಾಟಿ ಬಂದ ಅದೇ ಕಾವೇರಿಯನ್ನು ಕೂಡುತ್ತವೆ. ಕಣ್ವಕ್ಕೂ, ಮಂಚನಬೆಲೆಯಲ್ಲಿ ಅರ್ಕಾವತಿಗೂ ಕಟ್ಟೆಗಳನ್ನು ಕಟ್ಟಲಾಗಿದೆ. ನದಿಯನ್ನು ತಡೆದಾಗ ಕೆಳಗಣ ಪಾತ್ರವು ಏನಾಗುತ್ತದೆಂಬುದು ಮನುಷ್ಯರು ಕೇಳಿ, ಮನುಷ್ಯರೇ ಉತ್ತರಿಸಬೇಕಾದ ಪ್ರಶ್ನೆ. ಎಲ್ಲವೂ ಶಾಪದಿಂದಾಯಿತೆಂದರೆ ಕಟ್ಟಿದವರಿಗೂ, ಕಾಯಬೇಕಾದವರಿಗೂ, ಬಳಸಿದವರಿಗೂ ಹೊಣೆಯಿಲ್ಲದಂತಾಗುತ್ತದೆ. ಶಾಪಕಥೆಯನ್ನು ಇತಿಹಾಸವೆಂದು ಬೋಧಿಸುವುದರ ನಿಜವಾದ ಅಪಾಯವು ಇದೇ.

ಆದುದರಿಂದ ತಲಕಾಡಿಗೆ ಪ್ರವಾಸ ಹೋಗುವ ವಿದ್ಯಾರ್ಥಿಗಳು ಮರಳಿನ ದಿಬ್ಬಗಳನ್ನು ನೋಡಿದ ಮೇಲೆ ಅಣೆಕಟ್ಟನ್ನೂ ನಾಲೆಯನ್ನೂ ಗದ್ದೆಬಯಲನ್ನೂ ನೋಡಿ ಬರಬೇಕು. ಹಿಂದಿರುಗಿದ ಮೇಲೆ ಮಂಕುಂದಕ್ಕೂ ಒಂದು ದಿನ ಹೋಗಿ, ಅಲ್ಲಿಯ ಕೆರೆ, ಕಲ್ಲು, ಹೊಲಗಳ ಹೆಸರುಗಳನ್ನು ಊರಿನ ಹಿರಿಯರಿಂದ ಕೇಳಿ ಬರೆದುಕೊಂಡರೆ, ಕಥೆಯಿಲ್ಲದ ಒಂದು ರಾಜಧಾನಿಗೆ ಇತಿಹಾಸವಾದರೂ ದೊರೆತೀತು.