ವಾಣಿವಿಲಾಸದಲ್ಲಿ ವಾಣಿ ಎಲ್ಲಿದೆ?

ಮುಡುಕುತೊರೆಯ ಮಲ್ಲಿಕಾರ್ಜುನನ ಬೆಟ್ಟದ ಕೆಳಗೆ ಕಾವೇರಿ, ಅದರಾಚೆ ತಲಕಾಡಿನ ಮರಳು. ಪಂಚಲಿಂಗ ದರ್ಶನಕ್ಕೆ ಈ ಸೀಮೆಗೆ ಬಂದವರ ಕಿವಿಗೆ ಅಲಮೇಲಮ್ಮನ ಕತೆ ಬೀಳದೆ ಇರುವುದಿಲ್ಲ. ಶ್ರೀರಂಗಪಟ್ಟಣದಲ್ಲಿದ್ದ ವಿಜಯನಗರದ ಪ್ರತಿನಿಧಿಯ ಹೆಂಡತಿ ಆಕೆ. 1610ರಲ್ಲಿ ರಾಜ ಒಡೆಯರು ಪಟ್ಟಣ ಹಿಡಿದರು, ಆಮೇಲೆ ಆಕೆಯ ಒಡವೆಗಳಿಗಾಗಿ ಆಳುಗಳು ಬಂದರು. ಹೊಳೆಗೆ ಹಾರುವ ಮುನ್ನ ಆಕೆ ತಲಕಾಡಿಗೆ, ಮಾಲಂಗಿಗೆ, ಮೈಸೂರು ದೊರೆಗಳ ಸಂತಾನಕ್ಕೆ ಶಾಪ ಹಾಕಿದಳು ಎನ್ನುತ್ತದೆ ಕತೆ. ಅದು ನಿಜವೋ ಅಲ್ಲವೋ ಎಂಬ ಜಗಳ ನನಗೆ ಮುಖ್ಯವಲ್ಲ. ಆಕೆಯ ಬಗ್ಗೆ ದಾಖಲೆ ಕಡಿಮೆ, ಆದರೂ ಆಕೆಯ ಮಾತು ನಾಲ್ಕು ಶತಮಾನ ಉಳಿದಿದೆ. ನನ್ನನ್ನು ಹಿಡಿದು ನಿಲ್ಲಿಸುವುದು ಅದು.

ಈಗ ಇನ್ನೊಬ್ಬ ಹೆಂಡತಿಯನ್ನು ನೋಡಿ. ನಂಜನಗೂಡು ತಾಲ್ಲೂಕಿನ ಕಳಲೆಯ ಮನೆತನದ ಕೆಂಪನಂಜಮ್ಮಣ್ಣಿ, 1866ರಲ್ಲಿ ಹುಟ್ಟಿದವರು. 1878ರಲ್ಲಿ, ಹನ್ನೆರಡರ ಆಸುಪಾಸಿನಲ್ಲಿ, ಹತ್ತನೆಯ ಚಾಮರಾಜೇಂದ್ರ ಒಡೆಯರ ಕೈಹಿಡಿದರು. 1894ರ ಡಿಸೆಂಬರ್‌ನಲ್ಲಿ ದೊರೆ ಕಲ್ಕತ್ತೆಯಲ್ಲಿ ತೀರಿಕೊಂಡಾಗ ರಾಣಿಗೆ ಇಪ್ಪತ್ತೆಂಟು, ಮುಂದಿನ ನಾಲ್ವಡಿಯವರಿಗೆ ಹತ್ತು. 1895ರಿಂದ 1902ರವರೆಗೆ ಮಗನ ಪರವಾಗಿ ರಾಜ್ಯ ನಡೆಸಿದವರು ಇವರೇ. 'ವಾಣಿವಿಲಾಸ ಸನ್ನಿಧಾನ' ಎಂಬುದು ಇವರ ಬಿರುದು. ಅಲಮೇಲಮ್ಮನ ವಿಷಯಕ್ಕೆ ತದ್ವಿರುದ್ಧವಾಗಿ ಇಲ್ಲಿ ದಾಖಲೆ ರಾಶಿ ಇದೆ, ಮಾತು ಮಾತ್ರ ಕೇಳಿಸುವುದಿಲ್ಲ.

ಈ ಮೌನಕ್ಕೆ ಒಂದು ಕಾರಣ ನಮ್ಮ ಚರಿತ್ರೆಯ ವಾಕ್ಯರಚನೆ. 1897ರಲ್ಲಿ ಅರಮನೆ ಸುಟ್ಟಿತು, ಹೊಸದಕ್ಕೆ ಅಡಿಪಾಯ ಬಿತ್ತು. 1898ರಲ್ಲಿ ಪ್ಲೇಗು ಬಂತು. ಅದೇ ವರ್ಷ ಮಾರಿಕಣಿವೆಯ ಅಣೆಕಟ್ಟಿನ ಕೆಲಸ ಶುರುವಾಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೋಯಿತು. ಎಲ್ಲವೂ 'ಆಯಿತು', 'ಬಂತು', 'ಹೋಯಿತು'. ಕರ್ತೃ ಬೇಕಾದ ಕಡೆ ದಿವಾನ್ ಶೇಷಾದ್ರಿ ಅಯ್ಯರ್ ಬರುತ್ತಾರೆ. ರಾಣಿಗೆ ಸಿಕ್ಕಿದ್ದು 'ಅವರ ಆಳ್ವಿಕೆಯಲ್ಲಿ' ಎಂಬ ಒಂದು ಸಪ್ತಮಿ ವಿಭಕ್ತಿ. ಅವರು ಕಾಲವನ್ನು ಸೂಚಿಸುತ್ತಾರೆ, ಕೆಲಸವನ್ನಲ್ಲ. ಆಮೇಲೆ ಜಲಾಶಯಕ್ಕೆ, ಆಸ್ಪತ್ರೆಗೆ, ರಸ್ತೆಗೆ ಅವರ ಹೆಸರಿಟ್ಟು ನಾವು ಋಣ ತೀರಿಸಿಕೊಂಡೆವು.

ಇದಕ್ಕೆ ಪರಿಹಾರವೆಂದು ಕೆಲವರು ಕಾದಂಬರಿಯ ದಾರಿ ಹಿಡಿಯುತ್ತಾರೆ: ಅಂತಃಪುರದ ಕಿಟಕಿ, ಕಣ್ಣೀರು, ಮಗನನ್ನು ಅಪ್ಪಿಕೊಂಡ ವಿಧವೆ. ಇದು ನನಗೆ ಒಪ್ಪಿಗೆಯಿಲ್ಲ. ಇಲ್ಲದ ಮಾತನ್ನು ಬಾಯಿಗೆ ತುರುಕುವುದು ಮೌನಕ್ಕಿಂತ ದೊಡ್ಡ ಅನ್ಯಾಯ. ಶಾಪದ ಕತೆಯೂ ಇವರನ್ನು ಹೀಗೇ ನುಂಗಿಹಾಕುತ್ತದೆ. ಮೈಸೂರಿನ ಸಂತಾನದ ಲೆಕ್ಕ ಹಾಕುವವರಿಗೆ ಕೆಂಪನಂಜಮ್ಮಣ್ಣಿ ಇಬ್ಬರು ಗಂಡುಮಕ್ಕಳನ್ನು ಹೆತ್ತ ಒಡಲು, ಅಷ್ಟೇ. ಒಬ್ಬ ಹೆಣ್ಣಿನ ಸಿಟ್ಟಿನ ಕತೆ ಇನ್ನೊಬ್ಬ ಹೆಣ್ಣನ್ನು ಅಳೆಯುವ ಕೋಲಾಗಿಬಿಟ್ಟಿದೆ.

ಹಾಗಾದರೆ ಚರಿತ್ರೆ ಬರೆಯುವವರು ಮಾಡಬೇಕಾದ್ದೇನು? ಗೊತ್ತಿರುವ ಸಂಗತಿಗಳನ್ನೇ ಅಕ್ಕಪಕ್ಕ ಇಟ್ಟು ನೋಡಬೇಕು. ಒಂದು ಉದಾಹರಣೆ. 1894ರಲ್ಲಿ ಮೈಸೂರು ಸಂಸ್ಥಾನ ಬಾಲ್ಯವಿವಾಹ ತಡೆಗೆ ಕಾನೂನು ತಂದಿತು. ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನು ಅದು ನಿಷೇಧಿಸಿತು. ಹನ್ನೆರಡರ ಸುಮಾರಿಗೆ ಮದುವೆಯಾದ ರಾಣಿಯದು ಆ ಕಾನೂನಿನ ಕಣ್ಣಿಗೂ ಸರಿಯಾದ ಮದುವೆಯೇ. ಕಾನೂನು ಬಂದ ವರ್ಷವೇ ಆಕೆ ವಿಧವೆಯಾದರು, ಮರುವರ್ಷ ಅದೇ ಕಾನೂನಿನ ರಾಜ್ಯಕ್ಕೆ ಒಡತಿಯಾದರು. ವಿಧವೆ ಎದುರು ಬಂದರೆ ಅಪಶಕುನವೆಂದು ಜನ ಹಿಂದಕ್ಕೆ ತಿರುಗುತ್ತಿದ್ದ ಕಾಲದಲ್ಲಿ ಒಂದು ಸಂಸ್ಥಾನ ಏಳು ವರ್ಷ ವಿಧವೆಯ ಹೆಸರಿನಲ್ಲಿ ನಡೆಯಿತು. ಈ ಸಂಗತಿಗಳನ್ನು ಜೋಡಿಸಲು ಕಲ್ಪನೆ ಬೇಕಿಲ್ಲ. ಪುಟ ತಿರುಗಿಸುವ ತಾಳ್ಮೆ ಸಾಕು. ಅವುಗಳ ನಡುವೆ ಏಳುವ ಪ್ರಶ್ನೆಗಳು ಯಾವ ಕಣ್ಣೀರಿನ ಅಧ್ಯಾಯಕ್ಕಿಂತಲೂ ಜೀವಂತ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ನನ್ನದೊಂದು ಸಲಹೆ. ಮುಂದಿನ ಸಲ ರಾಣಿಯೊಬ್ಬರ ಜೀವನಚರಿತ್ರೆ ಕೈಗೆ ಬಂದಾಗ ಪೆನ್ಸಿಲ್ ಹಿಡಿದು ಕ್ರಿಯಾಪದಗಳಿಗೆ ಗೆರೆ ಎಳೆಯಿರಿ. ಎಷ್ಟು ಕ್ರಿಯಾಪದಗಳಿಗೆ ಆಕೆ ಕರ್ತೃ ಎಂದು ಎಣಿಸಿ. ಹೆತ್ತರು, ಅತ್ತರು, ಆಶೀರ್ವದಿಸಿದರು ಎಂಬಲ್ಲಿಗೆ ಪಟ್ಟಿ ಮುಗಿದರೆ, ಆ ಪುಸ್ತಕ ಬರೆದದ್ದು ಆಕೆಯ ಗಂಡನ ಚರಿತ್ರೆಯನ್ನು.