ಲೆಕ್ಕ ಕಲಿಸಿದ ನಾವಿಕ: ‘ಕ್ಯಾರಿ ಆನ್, ಮಿಸ್ಟರ್ ಬೌಡಿಚ್’ ಕಾದಂಬರಿಯ ವಿಮರ್ಶೆ

ಅಮೆರಿಕದ ಲೇಖಕಿ ಜೀನ್ ಲೀ ಲೇಥಮ್ 1955ರಲ್ಲಿ ಪ್ರಕಟಿಸಿದ ‘ಕ್ಯಾರಿ ಆನ್, ಮಿಸ್ಟರ್ ಬೌಡಿಚ್’ ಕಾದಂಬರಿ ಮರುವರ್ಷವೇ ಆ ದೇಶದ ಮಕ್ಕಳ ಸಾಹಿತ್ಯಕ್ಕೆ ಸಲ್ಲುವ ನ್ಯೂಬೆರಿ ಪದಕವನ್ನು ಪಡೆಯಿತು. ಅಂದಿನಿಂದ ಅದನ್ನು ಬಡತನವನ್ನು ಗೆದ್ದ ಪ್ರತಿಭೆಯ ಕಥೆಯೆಂದು ಓದುವ ವಾಡಿಕೆ ಬೆಳೆದುಬಂದಿದೆ. ಆದರೆ ಈ ಓದು ಕೃತಿಯ ದುರ್ಬಲ ಭಾಗವನ್ನೇ ಎತ್ತಿಹಿಡಿದು ಅದರ ಸತ್ವವನ್ನು ಬದಿಗೆ ಸರಿಸುತ್ತದೆ. ತಾನಾಗಿಯೇ ಗಣಿತ ಕಲಿತ ಯುವಕನೊಬ್ಬ ಅದೇ ಗಣಿತವನ್ನು ಅಕ್ಷರ ಬಲ್ಲ, ಆದರೆ ಲೆಕ್ಕಕ್ಕೆ ಹೆದರುವ ಖಲಾಸಿಗಳಿಗೆ ದಾಟಿಸಲು ಪಟ್ಟ ಪಾಡಿನ ಚಿತ್ರಣವೇ ಈ ಕಾದಂಬರಿಯ ಜೀವಾಳ.

ಕಥಾನಾಯಕ ನಥಾನಿಯಲ್ ಬೌಡಿಚ್ ಐತಿಹಾಸಿಕ ವ್ಯಕ್ತಿ. ಮ್ಯಾಸಚೂಸೆಟ್ಸ್‌ನ ಸೇಲಂ ಬಂದರಿನಲ್ಲಿ 1773ರಲ್ಲಿ ಹುಟ್ಟಿದವನು. ಆತನ ತಂದೆ ಮೊದಲು ಹಡಗು ನಡೆಸಿ, ಆಮೇಲೆ ಪೀಪಾಯಿ ಮಾಡುವ ಕಸುಬಿಗೆ ಬಂದವನು. ಹುಡುಗ ಹತ್ತನೆಯ ವಯಸ್ಸಿಗೆ ಶಾಲೆ ಬಿಟ್ಟು ತಂದೆಯ ಕೆಲಸಕ್ಕೆ ಕೈಹಚ್ಚಿದ. ಹನ್ನೆರಡಕ್ಕೆ ಹಡಗಿನ ಸಾಮಾನು ಮಾರುವ ಅಂಗಡಿಯೊಂದರಲ್ಲಿ ಒಂಬತ್ತು ವರ್ಷಗಳ ಕರಾರಿನ ಮೇಲೆ ಲೆಕ್ಕ ಬರೆಯಲು ಸೇರಿದ. ಅಂಗಡಿಯಲ್ಲಿದ್ದುಕೊಂಡೇ ಬೀಜಗಣಿತವನ್ನೂ ಕಲನಶಾಸ್ತ್ರವನ್ನೂ ಕಲಿತ, ನ್ಯೂಟನ್ನನ ‘ಪ್ರಿನ್ಸಿಪಿಯಾ’ ಓದುವ ಸಲುವಾಗಿ ಲ್ಯಾಟಿನ್ ಕಲಿತ. 1795ರಿಂದ 1803ರ ನಡುವೆ ಐದು ಸಮುದ್ರಯಾನಗಳನ್ನು ಕೈಗೊಂಡು, ಮೊದಲನೆಯದಕ್ಕೆ ಗುಮಾಸ್ತನಾಗಿ ಹೋದವನು ಕೊನೆಯದರಲ್ಲಿ ಸುಮಾತ್ರಾದ ಮೆಣಸಿನ ವ್ಯಾಪಾರಕ್ಕೆ ಹೊರಟ ‘ಪಟ್ನಮ್’ ಹಡಗಿನ ಕಪ್ತಾನನೇ ಆಗಿದ್ದ.

ಇಷ್ಟು ಸಾಮಗ್ರಿ ಕೈಯಲ್ಲಿರುವಾಗ ಛಲದ ಕಥೆಯೊಂದನ್ನು ಹೆಣೆಯುವುದು ಕಷ್ಟವಲ್ಲ, ಲೇಥಮ್ ಅದನ್ನು ಅಚ್ಚುಕಟ್ಟಾಗಿಯೇ ಹೆಣೆದಿದ್ದಾರೆ. ಗಾಳಿ ಬಿದ್ದುಹೋದಾಗ ಆ್ಯಶ್ ಮರದ ಹುಟ್ಟು ಹಾಕಿಯಾದರೂ ಹಡಗನ್ನು ಮುಂದೆ ಸಾಗಿಸಬೇಕೆಂಬ ನಾವಿಕರ ಮಾತನ್ನು ಅವರು ಹುಡುಗನ ಬದುಕಿನ ಸೂತ್ರವಾಗಿಸುತ್ತಾರೆ. ಆದರೆ ಆ ಸೂತ್ರವನ್ನು ಮತ್ತೆ ಮತ್ತೆ ನೆನಪಿಸುವುದರಿಂದ ಕಥೆ ಅಲ್ಲಲ್ಲಿ ನೀತಿಪಾಠದ ದಾರಿ ಹಿಡಿಯುತ್ತದೆ. ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಸ್ವಾತಂತ್ರ್ಯ ಸಮರದ ಕಾಲದಲ್ಲಿ ಅಮೆರಿಕದ ಖಾಸಗಿ ಯುದ್ಧನೌಕೆಯೊಂದು ಐರ್ಲೆಂಡಿನ ರಸಾಯನ ವಿಜ್ಞಾನಿ ರಿಚರ್ಡ್ ಕಿರ್ವನ್ನನ ಪುಸ್ತಕ ಭಂಡಾರವನ್ನು ಸಮುದ್ರದಲ್ಲಿ ವಶಪಡಿಸಿಕೊಂಡಿತ್ತು, ಸೇಲಂ ಸುತ್ತಮುತ್ತಲಿನ ವಿದ್ಯಾವಂತರು ಅದನ್ನು ಕೊಂಡು ‘ಫಿಲಸಾಫಿಕಲ್ ಲೈಬ್ರರಿ’ಯನ್ನು ಕಟ್ಟಿದ್ದರು, ವಿಲಿಯಂ ಬೆಂಟ್ಲಿಯಂಥ ಪಾದ್ರಿಗಳು ಅಂಗಡಿಯ ಹುಡುಗನೊಬ್ಬನಿಗೆ ಅದರ ಬಾಗಿಲು ತೆರೆಸಿದ್ದರು. ಯುರೋಪಿನ ಉತ್ತಮ ವಿಜ್ಞಾನ ಗ್ರಂಥಗಳು ಪುಟ್ಟ ಬಂದರಿನ ಕಪಾಟಿನಲ್ಲಿ ಹೀಗೆ ಆಕಸ್ಮಿಕವಾಗಿ ಬಂದು ಕೂರದಿದ್ದರೆ ಬೌಡಿಚ್ಚನ ಸ್ವಾಧ್ಯಾಯಕ್ಕೆ ಎಷ್ಟು ಆಸರೆ ಸಿಗುತ್ತಿತ್ತೆಂಬ ಪ್ರಶ್ನೆ ಏಳಲೇಬೇಕು. ಕಾದಂಬರಿ ಈ ಗ್ರಂಥಾಲಯವನ್ನು ಬಿಟ್ಟಿಲ್ಲ; ಆದರೆ ಅದನ್ನು ಛಲಕ್ಕೆ ಸಂದ ಬಹುಮಾನದಂತೆ ಚಿತ್ರಿಸಿ ಮುಂದೆ ಸಾಗುತ್ತದೆ. ಬೌಡಿಚ್ ಸ್ವತಃ ಹಾಗೆ ಭಾವಿಸಿದವನಲ್ಲ: ಆ ಪುಸ್ತಕಗಳ ಋಣವನ್ನು ನೆನೆದು, ಅವುಗಳ ವಾರಸುದಾರ ಸಂಸ್ಥೆಯಾದ ಸೇಲಂ ಅಥೀನಿಯಮ್‌ಗೆ ತನ್ನ ಉಯಿಲಿನಲ್ಲಿ 1000 ಡಾಲರ್ ಬರೆದಿಟ್ಟ.

ಕೃತಿ ಗಟ್ಟಿಯಾಗುವುದು ಹಡಗು ಬಂದರು ಬಿಟ್ಟ ಮೇಲೆ. ಅದರ ಬೆಲೆ ತಿಳಿಯಬೇಕಾದರೆ ಆ ಕಾಲದ ನೌಕಾಗಣಿತದ ತೊಡಕು ಏನೆಂಬುದು ತಿಳಿದಿರಬೇಕು. ಮಧ್ಯಾಹ್ನದ ಸೂರ್ಯನ ಎತ್ತರವನ್ನು ಅಳೆದು ಅಕ್ಷಾಂಶವನ್ನು, ಅಂದರೆ ಹಡಗು ಭೂಮಧ್ಯರೇಖೆಯಿಂದ ಎಷ್ಟು ಉತ್ತರಕ್ಕೋ ದಕ್ಷಿಣಕ್ಕೋ ಇದೆಯೆಂಬುದನ್ನು ಕಂಡುಕೊಳ್ಳುವುದು ಸುಲಭ. ಪೂರ್ವ ಪಶ್ಚಿಮದ ಸ್ಥಾನವನ್ನು ಹೇಳುವ ರೇಖಾಂಶಕ್ಕೆ ಗ್ರೀನಿಚ್‌ನಲ್ಲಿ ಅದೇ ಗಳಿಗೆಯ ಸಮಯ ಗೊತ್ತಿರಬೇಕು. ಸಮುದ್ರದ ಅಲುಗಾಟದಲ್ಲೂ ಸಮಯ ತಪ್ಪದ ಕ್ರೊನೊಮೀಟರ್ ಗಡಿಯಾರ ಆಗಲೇ ಬಂದಿತ್ತಾದರೂ ಅದರ ಬೆಲೆ ಸಾಮಾನ್ಯ ವ್ಯಾಪಾರಿ ಹಡಗಿನ ಕೈಗೆ ಎಟುಕುವಂತಿರಲಿಲ್ಲ. ಉಳಿದ ದಾರಿ ಚಂದ್ರನದು. ಚಂದ್ರ ನಕ್ಷತ್ರಗಳ ನಡುವೆ ಗಂಟೆಗೆ ಸುಮಾರು ಅರ್ಧ ಅಂಶದಷ್ಟು ಸರಿಯುವುದರಿಂದ, ಅವನಿಗೂ ಸೂರ್ಯನಿಗೂ ಅಥವಾ ಗೊತ್ತಾದ ನಕ್ಷತ್ರವೊಂದಕ್ಕೂ ಇರುವ ಕೋನವನ್ನು ಸೆಕ್ಸ್‌ಟಂಟ್‌ನಿಂದ ಅಳೆದು, ನಾವಿಕ ಪಂಚಾಂಗದಲ್ಲಿ ಆಗ ಮೂರು ಮೂರು ಗಂಟೆಗೆ ಕೊಡುತ್ತಿದ್ದ ಕೋನಗಳೊಂದಿಗೆ ತಾಳೆ ನೋಡಿದರೆ ಗ್ರೀನಿಚ್‌ನ ಸಮಯ ಸಿಗುತ್ತದೆ. ಆದರೆ ಅಳೆದ ಕೋನವನ್ನು ಹಾಗೆಯೇ ಬಳಸುವಂತಿಲ್ಲ. ಗಾಳಿಯಲ್ಲಿ ಬೆಳಕು ಬಾಗುವ ವಕ್ರೀಭವನವನ್ನೂ, ಭೂಮಿಯ ಕೇಂದ್ರದ ಬದಲು ಮೇಲ್ಮೈಯಲ್ಲಿ ನಿಂತು ನೋಡುವುದರಿಂದ ಚಂದ್ರನ ಸ್ಥಾನದಲ್ಲಿ ತೋರುವ ಲಂಬನವೆಂಬ ಪಲ್ಲಟವನ್ನೂ ಕಳೆಯಬೇಕು, ಅದಕ್ಕೆ ಉದ್ದನೆಯ ತ್ರಿಕೋನಮಿತಿಯ ಲೆಕ್ಕ ಬೇಕು. ಕೋನದಲ್ಲಿ ಒಂದು ಕಲೆ, ಅಂದರೆ ಅಂಶದ ಅರವತ್ತನೆಯ ಒಂದು ಪಾಲು ತಪ್ಪಿದರೂ ರೇಖಾಂಶದಲ್ಲಿ ಸುಮಾರು ಅರ್ಧ ಅಂಶ ತಪ್ಪುತ್ತದೆ. ಭೂಮಧ್ಯರೇಖೆಯ ಬಳಿ ಅದು 30 ನಾವಿಕ ಮೈಲಿ, ಬಂಡೆಗಳಿಗೆ ಬಡಿಯಲು ಅದು ಬೇಕಾದಷ್ಟಾಯಿತು.

ಈ ಲೆಕ್ಕಕ್ಕೆ ಬೌಡಿಚ್ ಸರಳವಾದ ಕ್ರಮವೊಂದನ್ನು ಕಂಡುಹಿಡಿದ. ಲೇಥಮ್ ಆ ಗಣಿತವನ್ನು ಪೂರ್ತಿಯಾಗಿ ಬಿಡಿಸಿ ಹೇಳುವ ಗೋಜಿಗೆ ಹೋಗುವುದಿಲ್ಲ, ಮಕ್ಕಳ ಪುಸ್ತಕದಿಂದ ಅದನ್ನು ನಿರೀಕ್ಷಿಸುವುದೂ ನ್ಯಾಯವಲ್ಲ. ಅವರು ಹಿಡಿದದ್ದು ಕಲಿಸುವವನ ಸಂಕಟವನ್ನು. ತನಗೆ ಹೊಳೆದದ್ದು ಎದುರಿನವನಿಗೆ ಹೊಳೆಯದಾಗ ನಾಯಕ ಸಿಡಿಮಿಡಿಗೊಳ್ಳುತ್ತಾನೆ. ಮುಂದೆ ಅವನ ಹೆಂಡತಿಯಾಗುವ ಎಲಿಜಬೆತ್ ಇದನ್ನು ಕತ್ತಲಲ್ಲಿ ಕುರ್ಚಿಗೆ ಎಡವಿದವನು ಕುರ್ಚಿಯನ್ನೇ ಒದೆಯಹೊರಡುವ ಸಿಟ್ಟಿಗೆ ಹೋಲಿಸುತ್ತಾಳೆ. ಅಲ್ಲಿಂದ ಅವನ ರೀತಿ ಬದಲಾಗುತ್ತದೆ. ಒಂದು ವಿವರಣೆ ಖಲಾಸಿಗೆ ಹತ್ತದಿದ್ದರೆ ಇನ್ನೊಂದು, ಅದೂ ಹತ್ತದಿದ್ದರೆ ಮತ್ತೊಂದು. ಕೇಳಿದವನ ಮುಖ ಅರಳಿತೆಂದರೆ ಆ ಮಾತನ್ನೇ ಟಿಪ್ಪಣಿ ಪುಸ್ತಕದಲ್ಲಿ ಬರೆದಿಡುತ್ತಾನೆ. ಜಗಳಗಂಟನಾದ ನಾವಿಕ ಲೆಮ್ ಹಾರ್ವಿ ಲೆಕ್ಕ ಕೈಗೂಡುತ್ತಿದ್ದಂತೆ ಬೇರೆಯೇ ಮನುಷ್ಯನಾಗುವ ಪ್ರಸಂಗ ತುಸು ನಯಗೊಳಿಸಿದಂತೆ ಕಂಡರೂ ಅದರ ತಿರುಳು ನಂಬುವಂಥದ್ದು. ಪಾಠ ಹೇಳುವುದನ್ನೇ ಕಥೆಯ ಮುಖ್ಯ ಕ್ರಿಯೆಯಾಗಿಸಿ, ಓದುಗ ಪುಟ ಮಗುಚುವಂತೆ ಬರೆಯಬಲ್ಲ ಕಾದಂಬರಿಕಾರರು ವಿರಳ.

ಬೌಡಿಚ್ಚನ ಇನ್ನೊಂದು ಸಾಧನೆಯಾದ ಕೋಷ್ಟಕಗಳ ತಿದ್ದುಪಡಿ ಕಥೆಯಾಗಲು ಒಲ್ಲದ ವಸ್ತು. ಇಂಗ್ಲೆಂಡಿನ ಜಾನ್ ಹ್ಯಾಮಿಲ್ಟನ್ ಮೂರ್‌ನ ನೌಕಾಯಾನ ಕೈಪಿಡಿಯನ್ನು ಅಮೆರಿಕದಲ್ಲಿ ಅಚ್ಚು ಹಾಕಿಸುತ್ತಿದ್ದ ಪ್ರಕಾಶಕ ಎಡ್ಮಂಡ್ ಬ್ಲಂಟ್ ಅದರ ಪರಿಶೀಲನೆಯನ್ನು ಬೌಡಿಚ್ಚನಿಗೆ ವಹಿಸಿದ್ದ. ಅದರಲ್ಲಿ 8000 ತಪ್ಪುಗಳು ಸಿಕ್ಕವೆಂಬ ಎಣಿಕೆ ಪರಂಪರೆಯಿಂದ ಬಂದಿದೆ. ಸಂಖ್ಯೆಗಿಂತ ಒಂದು ತಪ್ಪಿನ ಸ್ವರೂಪವೇ ಹೆಚ್ಚು ಬೋಧಪ್ರದ. ನೂರರ ವರ್ಷಗಳಲ್ಲಿ 400ರಿಂದ ಭಾಗವಾಗುವವು ಮಾತ್ರ ಅಧಿಕ ವರ್ಷಗಳಾದ್ದರಿಂದ 1800ರಲ್ಲಿ ಫೆಬ್ರವರಿ 29 ಇರಲಿಲ್ಲ, ಮೂರ್‌ನ ಕೋಷ್ಟಕವಾದರೋ ಅದನ್ನು ಅಧಿಕ ವರ್ಷವೆಂದೇ ಎಣಿಸಿತ್ತು. ಸೂರ್ಯ ಖಗೋಳದ ವಿಷುವದ್ವೃತ್ತದಿಂದ ಎಷ್ಟು ಅಂಶ ದೂರವಿದ್ದಾನೆಂಬುದಕ್ಕೆ ಕ್ರಾಂತಿಯೆಂದು ಹೆಸರು. ಮಾರ್ಚ್ ತಿಂಗಳಲ್ಲಿ ಅದು ದಿನಕ್ಕೆ 24 ಕಲೆಯಷ್ಟು ಬದಲಾಗುತ್ತದೆ, ಅಕ್ಷಾಂಶದ ಒಂದು ಕಲೆ ಒಂದು ನಾವಿಕ ಮೈಲಿಗೆ ಸಮ. ಒಂದು ದಿನದ ಎಣಿಕೆ ತಪ್ಪಿದ್ದರಿಂದ, ಕೋಷ್ಟಕವನ್ನು ನಂಬಿದ ಕಪ್ತಾನನ ಅಕ್ಷಾಂಶ 40 ಕಿಲೋಮೀಟರಿಗೂ ಮಿಕ್ಕು ಜಾರಬಹುದಿತ್ತು. ಇಂಥ ತಪ್ಪುಗಳನ್ನು ಸಾಲು ಸಾಲಾಗಿ ಹುಡುಕಿ ತೆಗೆದ ಮೇಲೆ, ಪುಸ್ತಕ ಇನ್ನು ಮೂರ್‌ನದೆನ್ನಲು ಆಗದೆ, 1802ರಲ್ಲಿ ‘ದಿ ನ್ಯೂ ಅಮೆರಿಕನ್ ಪ್ರಾಕ್ಟಿಕಲ್ ನ್ಯಾವಿಗೇಟರ್’ ಎಂಬ ಹೆಸರಿನಲ್ಲಿ ಹೊರಬಂತು. ಅದರಲ್ಲಿ ಬೋಸ್ಟನ್ನಿನಿಂದ ಮಡೀರಾಕ್ಕೆ ಹೋಗುವ ಹಡಗಿನ ದಿನಚರಿಯ ರೂಪದಲ್ಲಿ ನಿಯಮಗಳನ್ನೆಲ್ಲ ಬಳಸಿ ತೋರಿಸಲಾಗಿದೆ, ಸಮುದ್ರದ ಮಾತುಗಳ ನಿಘಂಟಿದೆ, ವ್ಯಾಪಾರದ ಕಾಯಿದೆ ಕಟ್ಟಳೆಗಳ ತಿಳಿವಳಿಕೆಯೂ ಇದೆ. ಕಲಿಯುವವನು ಎಲ್ಲಿ ಎಡವುತ್ತಾನೆಂದು ಬಲ್ಲವನು ಬರೆದ ಪುಸ್ತಕವಿದು.

ಕಾದಂಬರಿ ಸೋಲುವುದು ಮುಗಿಯುವ ಕಡೆ. ಪಟ್ನಮ್ ಹಡಗು 1803ರ ಕ್ರಿಸ್‌ಮಸ್ ದಿನ ಹಿಮಗಾಳಿಯ ನಡುವೆ ಸೇಲಂ ಬಂದರನ್ನು ಹೊಕ್ಕ ಘಟನೆಯೇ ಅದರ ಶಿಖರ. ರೋಚಕವೇನೋ ಹೌದು, ಆದರೆ ಅಲ್ಲಿ ನಿಂತುಬಿಡುವುದರಿಂದ ಬೌಡಿಚ್ಚನ ಅತಿ ದೊಡ್ಡ ಬೋಧನಕಾರ್ಯ ಕಥೆಯ ಹೊರಗುಳಿಯುತ್ತದೆ. ಫ್ರಾನ್ಸಿನ ಲಾಪ್ಲಾಸ್‌ನ ‘ಮೆಕಾನಿಕ್ ಸೆಲೆಸ್ತ್’, ಅಂದರೆ ಆಕಾಶಕಾಯಗಳ ಚಲನೆಯ ಗಣಿತವನ್ನು ವಿವರಿಸುವ ಮಹಾಗ್ರಂಥದ ನಾಲ್ಕು ಸಂಪುಟಗಳನ್ನು ಆತ ಇಂಗ್ಲಿಷಿಗೆ ತಂದು, ಲಾಪ್ಲಾಸ್ ಸ್ವಯಂವೇದ್ಯವೆಂದು ಹಾರಿಸಿಬಿಟ್ಟ ಹಂತಗಳನ್ನೆಲ್ಲ ಅಡಿಟಿಪ್ಪಣಿಗಳಲ್ಲಿ ತುಂಬಿ, 1829ರಿಂದ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸತೊಡಗಿದ. ನಾಲ್ಕನೆಯದು ಆತ ತೀರಿಕೊಂಡ ಮರುವರ್ಷ, 1839ರಲ್ಲಿ ಪ್ರಕಟವಾಯಿತು. ಖಲಾಸಿಗೆ ಬಿಡಿಸಿ ಹೇಳಿದವನೇ ವಿದ್ವಾಂಸರಿಗೂ ಬಿಡಿಸಿ ಹೇಳಿದ. ಈ ನಂಟನ್ನು ಒಂದು ಉಪಸಂಹಾರದಲ್ಲಾದರೂ ಸೂಚಿಸಿದ್ದರೆ ಕೃತಿಯ ತೂಕ ಹೆಚ್ಚುತ್ತಿತ್ತು. ಸಾವಿನ ಸುದ್ದಿಗಳನ್ನು ಒಂದರ ಹಿಂದೊಂದು ತಂದು, ಮದುವೆಯಾದ ವರ್ಷವೇ ತೀರಿಕೊಂಡ ಎಲಿಜಬೆತ್‌ಳ ಅಗಲಿಕೆಯ ದುಃಖವನ್ನೂ ಅವಸರದಲ್ಲಿ ದಾಟಿಬಿಡುವುದು ಇನ್ನೊಂದು ಲೋಪ.

ಆದರೂ ಖಲಾಸಿಗಳ ಪಾಠವನ್ನು ಉತ್ಪ್ರೇಕ್ಷೆಯೆಂದು ತಳ್ಳಿಹಾಕುವಂತಿಲ್ಲ. ‘ಕ್ಲಿಯೋಪಾತ್ರಾಸ್ ಬಾರ್ಜ್’ ಎಂಬ ಸೇಲಂ ಹಡಗು 1817ರಲ್ಲಿ ಜಿನೋವಾಕ್ಕೆ ಬಂದಾಗ, ಅದರ ಕಪ್ಪುವರ್ಣೀಯ ಅಡುಗೆಯವನು ಚಂದ್ರನ ದೂರದಿಂದ ರೇಖಾಂಶ ಕಂಡುಹಿಡಿಯಬಲ್ಲವನಾಗಿದ್ದನೆಂದು ಯುರೋಪಿನ ಖಗೋಳಜ್ಞ ಫಾನ್ ಜಾಕ್ ಬೆರಗಿನಿಂದ ದಾಖಲಿಸಿದ್ದಾನೆ. ಜೀವನಚರಿತ್ರೆಯಾಗಿ ಲೇಥಮ್‌ರ ಕೃತಿ ಅರ್ಧಕ್ಕೆ ನಿಂತದ್ದು. ಗಣಿತ ಕಲಿಸುವುದು ಹೇಗೆಂಬ ಕಾದಂಬರಿಯಾಗಿ ಅದು ಶಾಲೆಯ ಮಕ್ಕಳಿಗಿಂತ ಅವರ ಉಪಾಧ್ಯಾಯರು ಮೊದಲು ಓದಬೇಕಾದ ಪುಸ್ತಕ.