ಬೇಡ ಅನ್ನಬಲ್ಲವರ ರುಚಿ

ನಮ್ಮ ವಿಮರ್ಶೆ ರಸ, ರುಚಿ, ಅಭಿರುಚಿ ಎಂಬ ಮಾತುಗಳನ್ನು ಊಟದ ಎಲೆಯಿಂದಲೇ ಎತ್ತಿಕೊಂಡಿತು. ಆ ಎಲೆ ಯಾರದು, ಎಂಜಲು ಎತ್ತಿದವರು ಯಾರು ಅಂತ ಕೇಳಿದವರು ಕಮ್ಮಿ. ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ 2003ರಲ್ಲಿ ಶುರುವಾದ ‘ನೋಮಾ’ ಹೋಟೆಲಿನ ಬಗ್ಗೆ ಆಹಾರ ವಿಮರ್ಶಕರು ಬರೆದ ಹೊಗಳಿಕೆಗಳ ಮುಂದೆ ಈ ಪ್ರಶ್ನೆ ಇಡಬೇಕಾಗಿದೆ.

ಅಲ್ಲಿ ಉಣ್ಣುವವನು ಏನನ್ನೂ ಆರಿಸುವಂತಿಲ್ಲ. ಅಡುಗೆಯವರು ಗೊತ್ತುಮಾಡಿದ ಪುಟ್ಟ ಪುಟ್ಟ ತಿನಿಸುಗಳು ಒಂದಾದ ಮೇಲೊಂದು ಬರುತ್ತವೆ. ತಂದಿಟ್ಟವರು ಅವುಗಳ ಕತೆಯನ್ನೂ ಹೇಳುತ್ತಾರೆ. ‘ಟೇಸ್ಟಿಂಗ್ ಮೆನು’ ಅಂದರೆ ಇದೇ. ಕಾಡಿನಲ್ಲಿ, ಕಡಲ ದಂಡೆಯಲ್ಲಿ ಆಯ್ದ ಸೊಪ್ಪು, ಪಾಚಿ, ಹುಳಿ ಬರಿಸಿದ ಕಾಳು, ಹಿಮಸಾರಂಗದ ಗುಂಡಿಗೆ. 2015ರಲ್ಲಿ ಟೋಕಿಯೋದಲ್ಲಿ ಹಸಿ ಸೀಗಡಿಯ ಮೇಲೆ ಇರುವೆ ಇಟ್ಟು ಬಡಿಸಿದರು. 2023ರ ಹೊತ್ತಿಗೆ ತಲೆಗೆ 500 ಡಾಲರಿಗೆ ಕಮ್ಮಿಯಿಲ್ಲದ ಬಿಲ್ಲು.

ಇದರಲ್ಲಿ ಹೊಸದೇನು ಸ್ವಾಮಿ ಅಂತ ನಮ್ಮ ಕೇರಿಯ ಹಿರಿಯರು ಕೇಳಿಯಾರು. ಆಯ್ದು ತಿನ್ನೋದು, ಒಣಗಿಸಿಡೋದು, ಪ್ರಾಣಿಯ ಯಾವ ಭಾಗವನ್ನೂ ಬಿಸಾಡದಿರೋದು ಅವರ ದಿನದ ಬದುಕಾಗಿತ್ತು. ಮಲೆನಾಡಿನಲ್ಲಿ ಚಗಳಿ ಚಟ್ನಿ ಇದೆ. ಒಡಿಶಾದ ಸಿಮಿಲಿಪಾಲ್ ಕಾಡಿನ ಆದಿವಾಸಿಗಳ ಕೆಂಪಿರುವೆ ಚಟ್ನಿಗೆ 2024ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆಯೂ ಸಿಕ್ಕಿತು.

ಆದರೆ ‘ನಮ್ಮದೇ ಮೊದಲು’ ಎಂಬ ಹೆಮ್ಮೆಯಲ್ಲಿ ಒಂದು ಅಪಾಯವಿದೆ. ಅದು ಬಲವಂತವನ್ನು ಪರಂಪರೆ ಅಂತ ಕರೆದುಬಿಡುತ್ತದೆ. ಶಾಹು ಪಾಟೋಳೆ ಮರಾಠವಾಡದ ದಲಿತ ಅಡುಗೆಯನ್ನು ದಾಖಲಿಸಿದ ಮರಾಠಿ ಪುಸ್ತಕ 2015ರಲ್ಲಿ ಬಂತು. ಅನ್ನವೇ ಪೂರ್ಣಬ್ರಹ್ಮ ಎಂಬ ಮಾತನ್ನು ಮಗುಚಿ ಅದಕ್ಕೆ ‘ಅನ್ನ ಹೇ ಅಪೂರ್ಣಬ್ರಹ್ಮ’ ಅಂತ ಹೆಸರಿಟ್ಟರು. ಆ ಒಂದು ‘ಅ’ಕಾರದಲ್ಲಿ ನಮಗೆ ದಕ್ಕದೆ ಹೋದ ತುಪ್ಪ, ಹಾಲುಗಳ ಲೆಕ್ಕವೂ ಇದೆ. 1927ರಲ್ಲಿ ಮಹಾಡದಲ್ಲಿ ಅಂಬೇಡ್ಕರ್ ತಮ್ಮ ಜನಕ್ಕೆ ಹೇಳಿದ್ದು ಸತ್ತ ದನದ ಮಾಂಸ ಬಿಡಿ, ಎಂಜಲು ಬೇಡಬೇಡಿ ಎಂದು. ನಮ್ಮ ರುಚಿಯ ಮೀಮಾಂಸೆ ಶುರುವಾಗುವುದು ಈ ‘ಬೇಡ’ದಿಂದ. ನೋಮಾದ ಗಿರಾಕಿ ದುಡ್ಡು ಕೊಟ್ಟು ಒಂದು ಹೊತ್ತಿನ ಮಟ್ಟಿಗೆ ಆಯ್ಕೆಯನ್ನು ಬಿಟ್ಟುಕೊಡುತ್ತಾನೆ. ಸೇರದಿದ್ದರೆ ಎದ್ದು ಹೋಗಬಹುದು. ನಮ್ಮವರು ಎದ್ದು ಹೋಗೋದೆಲ್ಲಿಗೆ?

ಇನ್ನು ಅಡುಗೆಮನೆ. ಆ ತಟ್ಟೆಗಳ ಕುಸುರಿಯ ಬಹುಪಾಲು ಕಲಿಯಲು ಬಂದ ಹುಡುಗ ಹುಡುಗಿಯರ ಕೈಕೆಲಸ. ಅವರಿಗೆ ಕೂಲಿ ಕೊಡಲು ಶುರುಮಾಡಿದ್ದು 2022ರ ಅಕ್ಟೋಬರಿನಲ್ಲಿ. ಅಲ್ಲಿಯವರೆಗಿನದಕ್ಕೆ ನಮ್ಮ ಕಡೆ ಬಿಟ್ಟಿ ಚಾಕರಿ ಅಂತಾರೆ. ಕೂಲಿ ಕೊಡತೊಡಗಿದ ಮೂರೇ ತಿಂಗಳಿಗೆ, 2023ರ ಜನವರಿಯಲ್ಲಿ, ಈ ಪದ್ಧತಿ ಹಣದ ಲೆಕ್ಕದಲ್ಲೂ ಮನುಷ್ಯರ ಲೆಕ್ಕದಲ್ಲೂ ನಡೆಯುವಂಥದ್ದಲ್ಲ ಅಂತ ಅದರ ಯಜಮಾನ ರೆನೆ ರೆಡ್ಜೆಪಿ ಸಾರಿದರು. ಅಷ್ಟು ವರ್ಷ ಅಲ್ಲಿನ ಪರಿಮಳ ವರ್ಣಿಸಿದ ವಿಮರ್ಶಕರಲ್ಲಿ ಈ ಬೆವರಿನ ವಾಸನೆ ಹಿಡಿದವರು ಎಷ್ಟು ಮಂದಿ?

ಹಾಗಂತ ಎಲ್ಲವನ್ನೂ ಒಂದೇ ಏಟಿಗೆ ತಳ್ಳಿಹಾಕುವುದು ನ್ಯಾಯವಲ್ಲ. ಗ್ಯಾಂಬಿಯಾದಿಂದ ಬಂದ ಅಲಿ ಸೊಂಕೊ ಅಲ್ಲಿ ಮೊದಲಿನಿಂದ ಪಾತ್ರೆ ತೊಳೆದವರು. 2010ರಲ್ಲಿ ಪ್ರಶಸ್ತಿಗೆಂದು ಲಂಡನ್ನಿಗೆ ಹೋಗಲು ಅವರಿಗೆ ವೀಸಾ ಸಿಗದಿದ್ದಾಗ ಜೊತೆಗಾರರು ಅವರ ಮುಖ ಅಚ್ಚಾದ ಅಂಗಿ ತೊಟ್ಟು ವೇದಿಕೆ ಹತ್ತಿದರು. 2017ರಲ್ಲಿ ಅವರು ಹೋಟೆಲಿನ ಪಾಲುದಾರರಾದರು. ಒಬ್ಬರಿಗೆ ಪಾಲು ಸಿಕ್ಕಿತೆಂದು ಬಿಟ್ಟಿ ಚಾಕರಿ ತೊಳೆದುಹೋಗದು, ನಿಜ. ಆದರೂ ಎಲೆ ಎತ್ತುವವನಿಗೆ ಪಂಕ್ತಿಯಲ್ಲಿ ಜಾಗ ಕೊಡದ ನಮ್ಮ ಸಮಾಜಕ್ಕೆ ಈ ಸಂಗತಿ ಚುಚ್ಚಬೇಕು.

ನಾಳೆ ಬೆಂಗಳೂರಿನ ದೊಡ್ಡ ಹೋಟೆಲೊಂದು ನೆತ್ತರ ಪಲ್ಯವನ್ನು ಚಮಚದಷ್ಟು ಬಡಿಸಿ ಕತೆ ಹೇಳಬಹುದು. ಮೆನುವಿನಲ್ಲಿ ಸೇರಿತೆಂದು ನಾವು ಚಪ್ಪಾಳೆ ತಟ್ಟುವುದು ಬೇಡ. ಆ ಪಲ್ಯ ಬಲ್ಲ ಅವ್ವನಿಗೆ ಅಲ್ಲಿ ಏನು ಸಂಬಳ, ಬಾಡು ಬೇಯಿಸುವವರಿಗೆ ಮನೆ ಕೊಡಲ್ಲ ಅನ್ನುವ ಮಾಲೀಕರಿರುವ ಊರಲ್ಲಿ ಅವಳಿಗೆ ಬಾಡಿಗೆ ಮನೆ ಸಿಕ್ಕಿತೇ ಅನ್ನುವುದನ್ನು ವಿಮರ್ಶೆ ಮೊದಲು ಕೇಳಲಿ. ಉಪ್ಪು ಹುಳಿಯ ಮಾತು ಆಮೇಲೆ ಆಡೋಣ.